ಯಜಮಾನರೇ, ಸ್ವಲ್ಪ ಹೊರಗೆ ನಿಲ್ಲಿ

ನಿಮ್ಮ ವಕೀಲರಿಗೆ ನೀವೇ ಯಜಮಾನರು. ನಗಬೇಡಿ. ಸುಪ್ರೀಂ ಕೋರ್ಟಿನ ತೀರ್ಪಿನ ತಾತ್ಪರ್ಯವೇ ಇದು.

2024ರ ಮೇ 14ರಂದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ, ಬಾರ್ ಆಫ್ ಇಂಡಿಯನ್ ಲಾಯರ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ವಕೀಲ ಅಂದರೆ ಕಕ್ಷಿದಾರನ ಪ್ರತಿನಿಧಿ. ಕಕ್ಷಿದಾರನ ಒಪ್ಪಿಗೆಯಿಲ್ಲದೆ ರಾಜಿಗೆ ಕೂರುವಂತಿಲ್ಲ, ಅವನನ್ನು ಕೇಳದೆ ಏನನ್ನೂ ಬಿಟ್ಟುಕೊಡುವಂತಿಲ್ಲ. ವಕೀಲ ಮಾಡುವ ಕೆಲಸದ ಮೇಲೆ ಕಕ್ಷಿದಾರನಿಗೆ ನೇರ ಹಿಡಿತ ಇರುತ್ತದೆ. ಆದ್ದರಿಂದ ಇಬ್ಬರ ನಡುವೆ ಇರುವುದು ವೈಯಕ್ತಿಕ ಸೇವೆಯ ಕರಾರು. ಅಂಥ ಕರಾರು ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ. ಆದ್ದರಿಂದ ವಕೀಲರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವ ಹಾಗಿಲ್ಲ.

ಅಂದರೆ ಹಿಡಿತ ನಿಮ್ಮ ಕೈಯಲ್ಲಿದೆ ಎಂಬ ಕಾರಣಕ್ಕೇ ನಿಮ್ಮ ದೂರಿಗೆ ಅಲ್ಲಿ ಜಾಗವಿಲ್ಲ.

ಈ ಹಿಡಿತ ಹೇಗಿರುತ್ತದೆಂದು ನೋಡಬೇಕಾದರೆ ಯಾವುದಾದರೂ ತಾಲ್ಲೂಕು ಕೋರ್ಟಿಗೆ ಬೆಳಿಗ್ಗೆ ಹತ್ತೂವರೆಗೆ ಹೋಗಿ. ಯಜಮಾನರು ಹೊಂಗೆ ಮರದ ಕೆಳಗೆ ನಿಂತಿರುತ್ತಾರೆ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಮ್ಯುಟೇಷನ್ನು, ಅಪ್ಪನ ಡೆತ್ ಸರ್ಟಿಫಿಕೇಟು, ಆಧಾರ್ ಜೆರಾಕ್ಸು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಾರೆ. ಸೇವಕರಿಗೆ ಫೋನು ಮಾಡುತ್ತಾರೆ. ಸೇವಕರು ಎತ್ತುವುದಿಲ್ಲ. ಇನ್ನೊಮ್ಮೆ ಮಾಡುತ್ತಾರೆ. "ಕೋರ್ಟಲ್ಲಿದೀನಿ ಕಣ್ರೀ, ಸುಮ್ ಸುಮ್ನೆ ಫೋನ್ ಮಾಡ್ಬೇಡಿ" ಎನ್ನುತ್ತಾರೆ ಸೇವಕರು. ಯಜಮಾನರೂ ಕೋರ್ಟಲ್ಲೇ ಇದ್ದಾರೆ. ಸೇವಕರು ಮಾತ್ರ ಎಲ್ಲೂ ಕಾಣುವುದಿಲ್ಲ.

ಹನ್ನೆರಡರ ಹೊತ್ತಿಗೆ ಜೂನಿಯರ್ ಒಬ್ಬರು ಸಿಗುತ್ತಾರೆ. "ನಿಮ್ದು ಯಾವ್ದು? ಓ.ಎಸ್ಸಾ, ಎಂ.ವಿ.ಸಿ.ನಾ?" ನಾಲ್ಕು ವರ್ಷದಿಂದ ನಡೆಯುತ್ತಿರುವ ಕೇಸು ಅದು.

"ಸಾರ್, ಏನಾಯ್ತು ನಮ್ದು?"

"ಮುಂದಕ್ ಹೋಯ್ತು."

"ಯಾಕ್ ಸಾರ್?"

"ಸಾಹೇಬ್ರು ರಜ."

ಸಾಹೇಬರು ಒಳಗೆ ಪೀಠದ ಮೇಲೆ ಕೂತಿರುವುದನ್ನು ಯಜಮಾನರು ಈಗಷ್ಟೇ ಕಿಟಕಿಯಿಂದ ನೋಡಿಕೊಂಡು ಬಂದಿದ್ದಾರೆ. ಆದರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಮಾತು ಸಿದ್ಧವಾಗಿದೆ: "ನಮ್ಮೇಲೆ ನಂಬ್ಕೆ ಇಲ್ವಾ? ಫೈಲ್ ತಗೊಂಡ್ ಹೋಗ್ಬಿಡಿ." ಯಜಮಾನರು ಕೈ ಮುಗಿಯುತ್ತಾರೆ. ಹೊರಡುವ ಮುಂಚೆ ಗುಮಾಸ್ತರಿಗೆ ಕಾಫಿಗೆಂದು ಏನೋ ಕೊಡುತ್ತಾರೆ.

ನೇರ ಹಿಡಿತ ಅಂದರೆ ಇದು.

ಈ ಹಿಡಿತ ಶುರುವಾಗುವುದು ವಕಾಲತ್ತಿನಿಂದ. ಮುದ್ರಿತ ಹಾಳೆ, ಇರುವೆ ಸಾಲಿನಂಥ ಅಕ್ಷರ. ಯಾರೂ ಓದುವುದಿಲ್ಲ, ಓದಿ ಎಂದು ಯಾರೂ ಹೇಳುವುದಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ. ಜೊತೆಗೆ ನಾಲ್ಕು ಖಾಲಿ ಹಾಳೆಗೂ ಸಹಿ, "ಮುಂದೆ ಬೇಕಾಗುತ್ತೆ". ಉತ್ತರದ ಕೆಲವು ಕೋರ್ಟುಗಳಲ್ಲಿ ಓಡಾಡುವ ನಮೂನೆಯಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ಕೇಸು ಕೂಗಿದಾಗ ವಕೀಲರು ಹಾಜರಿರದೆ ಏನಾದರೂ ಆದರೆ ಅದಕ್ಕೆ ಅವರನ್ನು ಹೊಣೆ ಮಾಡುವುದಿಲ್ಲ ಎಂದು ಕಕ್ಷಿದಾರನೇ ಬರೆದುಕೊಟ್ಟ ಹಾಗೆ. ನಮ್ಮಲ್ಲಿ ಅಷ್ಟು ದೂರಾಲೋಚನೆ ಬೇಕಾಗಿಲ್ಲ. ಬರೆದುಕೊಡದಿದ್ದರೂ ಹಾಗೇ ನಡೆಯುತ್ತದೆ.

ಆ ವಕಾಲತ್ತಿನ ಮೇಲೆ ಒಂದು ಸ್ಟ್ಯಾಂಪು ಅಂಟಿಸುತ್ತಾರೆ, ಗಮನಿಸಿದ್ದೀರಾ? ವಕೀಲರ ಕಲ್ಯಾಣ ನಿಧಿಯದ್ದು. 1983ರ ಕರ್ನಾಟಕದ ಕಾಯ್ದೆ. ಒಳ್ಳೆಯ ಯೋಜನೆ, ತಕರಾರಿಲ್ಲ. ಅದರ ದುಡ್ಡೂ ಕೊನೆಗೆ ಕಕ್ಷಿದಾರನ ಜೇಬಿನಿಂದಲೇ ಹೋಗುತ್ತದೆ. ಕಕ್ಷಿದಾರರ ಕಲ್ಯಾಣ ನಿಧಿ ಅಂತ ಒಂದಿದ್ದರೆ ದಯವಿಟ್ಟು ತಿಳಿಸಿ, ನಾನೂ ಒಂದು ಸ್ಟ್ಯಾಂಪು ಅಂಟಿಸುತ್ತೇನೆ.

ಈಗ ಗ್ರಾಹಕರ ವಿಷಯಕ್ಕೆ ಬನ್ನಿ. ಕುಕ್ಕರಿನ ಗ್ಯಾಸ್ಕೆಟ್ ಸೋರಿದರೆ ನೀವು ಗ್ರಾಹಕರು. ಮದುವೆಯ ಫೋಟೋಗ್ರಾಫರ್ ಧಾರೆಯ ಹೊತ್ತಿಗೆ ಮೊಬೈಲ್ ನೋಡುತ್ತಾ ಕೂತಿದ್ದರೆ ನೀವು ಗ್ರಾಹಕರು. ಆಪರೇಷನ್ ಕೆಟ್ಟರೆ ನೀವು ಗ್ರಾಹಕರು. ದುಡ್ಡು ಪಡೆದು ಚಿಕಿತ್ಸೆ ಕೊಡುವ ಡಾಕ್ಟರುಗಳು 1995ರಿಂದಲೇ ಈ ಕಾಯ್ದೆಯೊಳಗಿದ್ದಾರೆ, ಸುಪ್ರೀಂ ಕೋರ್ಟೇ ಒಳಗೆ ಕೂರಿಸಿದ್ದು. ವಕೀಲರು ತಾರೀಖು ಮರೆತು ನಿಮ್ಮ ಎರಡೆಕರೆ ಹೋದರೆ ಮಾತ್ರ ನೀವು ಗ್ರಾಹಕರಲ್ಲ. ಆಗ ನೀವು ಯಜಮಾನರು.

ಡಾಕ್ಟರುಗಳನ್ನು ಒಳಗಿಟ್ಟ ಆ ಹಳೆಯ ತೀರ್ಪನ್ನೂ ಮರುಪರಿಶೀಲಿಸಬೇಕು ಎಂದು 2024ರ ಪೀಠ ಮುಖ್ಯ ನ್ಯಾಯಮೂರ್ತಿಗಳಿಗೆ ಶಿಫಾರಸು ಮಾಡಿತು. ವಕೀಲರನ್ನು ಹೊರಗೆ ಕಳಿಸುವಾಗ ಬಾಗಿಲನ್ನು ಡಾಕ್ಟರುಗಳಿಗೂ ಸ್ವಲ್ಪ ತೆರೆದಿಟ್ಟ ಸೌಜನ್ಯ. ಅದೇ ವರ್ಷದ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲ ಎಂದು ಬಾಗಿಲು ಮುಚ್ಚಿತು. ಡಾಕ್ಟರುಗಳು ಒಳಗೇ ಉಳಿದರು.

ಇಷ್ಟಕ್ಕೆಲ್ಲ ಮೂಲ ಯಾವುದು? ಇಪ್ಪತ್ತು ಸಾವಿರ ರೂಪಾಯಿಯ ಒಂದು ಬೌನ್ಸಾದ ಚೆಕ್ಕು. ದೆಹಲಿಯ ಒಬ್ಬ ಕಕ್ಷಿದಾರ ಚೆಕ್ ಬೌನ್ಸ್ ಕೇಸಿಗೆ ವಕೀಲರನ್ನಿಟ್ಟರು. ಎದುರು ಪಾರ್ಟಿ ದಾರಿಗೆ ಬಂದು ಚೆಕ್ಕಿನ ಇಪ್ಪತ್ತು ಸಾವಿರವನ್ನೂ ಖರ್ಚಿಗೆಂದು ಐದು ಸಾವಿರದ ಇನ್ನೊಂದು ಚೆಕ್ಕನ್ನೂ ವಕೀಲರ ಕೈಗೆ ಕೊಟ್ಟಿತು. ವಕೀಲರು ಅದನ್ನು ಕಕ್ಷಿದಾರರಿಗೆ ದಾಟಿಸಲಿಲ್ಲ ಎಂಬುದು ದೂರು. ಬದಲಿಗೆ ಫೀಸು ಬರಬೇಕೆಂದು ತಮ್ಮ ಕಕ್ಷಿದಾರರ ಮೇಲೇ ದಾವೆ ಹಾಕಿದರು. ಸಾಲಗಾರ ಕೊಟ್ಟ ದುಡ್ಡು ವಕೀಲರ ಹತ್ತಿರ, ಸಮನ್ಸು ಮಾತ್ರ ಸಾಲ ಕೊಟ್ಟವರ ಮನೆಗೆ.

ಆ ಮನುಷ್ಯ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋದರು, ಅಲ್ಲಿ ಗೆದ್ದರು. ರಾಜ್ಯ ಆಯೋಗದಲ್ಲಿ ಸೋತರು. 2007ರಲ್ಲಿ ರಾಷ್ಟ್ರೀಯ ಆಯೋಗ ವಕೀಲರ ಸೇವೆಯೂ ಸೇವೆಯೇ ಎಂದಿತು. ಅಲ್ಲಿಂದ ಸುಪ್ರೀಂ ಕೋರ್ಟಿನಲ್ಲಿ 2024ರವರೆಗೆ. ಇಪ್ಪತ್ತೈದು ಸಾವಿರದ ತಕರಾರಿಗೆ, ರಾಷ್ಟ್ರೀಯ ಆಯೋಗ ದಾಟಿದ ಮೇಲೆ ಹದಿನಾರು ವರ್ಷದ ಮೇಲೆ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಗಾದೆ ಮಾಡಿದವರು ಮೊದಲು ಗೆದ್ದು, ಆಮೇಲೆ ಸೋತು, ಮತ್ತೆ ಗೆದ್ದು, ಕೊನೆಗೆ ಸೋತವನಿಗೆ ಏನಾಗುತ್ತದೆಂದು ಹೇಳಿಲ್ಲ.

ವಕೀಲಿಕೆ ವ್ಯಾಪಾರವಲ್ಲ, ಉದಾತ್ತ ವೃತ್ತಿ, ಅದಕ್ಕೆ ಬೇರೆ ಯಾವುದೂ ಸಾಟಿಯಿಲ್ಲ. ಇದು ವಾದ. ಒಪ್ಪೋಣ. ಉದಾತ್ತ ವೃತ್ತಿಯ ನಿಯಮಗಳೂ ಉದಾತ್ತವಾಗಿಯೇ ಇವೆ. ಕಕ್ಷಿದಾರನ ದುಡ್ಡಿಗೆ ಲೆಕ್ಕ ಇಡಬೇಕು. ಸಕಾರಣವಿಲ್ಲದೆ ಕೇಸು ನಡುವಲ್ಲಿ ಬಿಡಬಾರದು, ಬಿಟ್ಟರೆ ದುಡಿಯದ ಭಾಗದ ಫೀಸು ವಾಪಸು ಕೊಡಬೇಕು. ಕೇಸು ಗೆದ್ದರೆ ಬಂದದ್ದರಲ್ಲಿ ಪಾಲು ಎಂಬ ಒಪ್ಪಂದ ಮಾಡಿಕೊಳ್ಳಲೇಬಾರದು. ಎಲ್ಲವೂ ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯಲ್ಲಿ ಅಚ್ಚಾಗಿದೆ. ಅಪಘಾತ ಪರಿಹಾರದ ಕೇಸಿನಲ್ಲಿ ಕೈಕಾಲು ಕಳೆದುಕೊಂಡವರನ್ನು ಕೇಳಿ ನೋಡಿ, ಎಷ್ಟು ಪರ್ಸೆಂಟಿಗೆ ಮಾತಾಗಿತ್ತು ಎಂದು. ಫೀಸಿಗೆ ರಸೀದಿ ಕೊಟ್ಟರಾ ಎಂದೂ ಕೇಳಿ. ನಿಮ್ಮ ಮುಖ ನೋಡಿ ನಗುತ್ತಾರೆ.

ದುಡ್ಡು ತೆಗೆದುಕೊಳ್ಳುವಾಗ ದಂಧೆ. ದೂರು ಬಂದಾಗ ಉದಾತ್ತ.

ಹೋಗಲಿ, ಗ್ರಾಹಕರ ಆಯೋಗದ ಬಾಗಿಲು ಮುಚ್ಚಿತು ಅಂದ ಮಾತ್ರಕ್ಕೆ ವಕೀಲರನ್ನು ಪ್ರಶ್ನಿಸುವಂತೆಯೇ ಇಲ್ಲ ಎಂದರ್ಥವಲ್ಲ. ಅದೇ ತೀರ್ಪು ಅದನ್ನೂ ಹೇಳಿದೆ: ದುರ್ನಡತೆಗೆ, ನಷ್ಟಕ್ಕೆ, ಅಪರಾಧಕ್ಕೆ ಬೇರೆ ಬೇರೆ ದಾರಿಗಳಿವೆ. ದಾರಿಗಳೇನೋ ಇವೆ. ನಡೆದು ನೋಡೋಣ.

ಮೊದಲನೆಯದು ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಅಲ್ಲಿಗೆ ದೂರು ಕೊಡಬಹುದು. ಬಾಯಲ್ಲಿ ಹೇಳಿದರಾಗದು. ಅರ್ಜಿಯ ರೂಪದಲ್ಲಿರಬೇಕು, ಸಹಿ ಇರಬೇಕು, ಕೋರ್ಟಿಗೆ ಹಾಕುವ ದಾವೆಯ ಹಾಗೆ ಸತ್ಯಾಪನೆ ಇರಬೇಕು, ಶುಲ್ಕ ಕಟ್ಟಬೇಕು. ಅಂದರೆ ಅರ್ಜಿ ಬರೆಯಲು ಒಬ್ಬ ವಕೀಲರು ಬೇಕು. ಪರಿಷತ್ತಿಗೆ ಇದರಲ್ಲಿ ಹುರುಳಿದೆ ಅನಿಸಿದರೆ ಶಿಸ್ತು ಸಮಿತಿಗೆ ಕಳಿಸುತ್ತದೆ. ಅನಿಸದಿದ್ದರೆ ಅಲ್ಲಿಗೇ ಮುಗಿಯಿತು.

ಶಿಸ್ತು ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಅಂದರೆ ವಕೀಲರು. ಮೂರನೆಯವರು ಹೊರಗಿನವರು, ಅಂದರೆ ಪರಿಷತ್ತಿನ ಸದಸ್ಯರಲ್ಲದ ವಕೀಲರು. ಪರಿಷತ್ತಿನ ಸದಸ್ಯರನ್ನು ಆರಿಸುವುದು ಚುನಾವಣೆ. ಮತದಾರರು ಯಾರು? ರಾಜ್ಯದ ವಕೀಲರು. ನೀವು ಯಾರ ಮೇಲೆ ದೂರು ಕೊಟ್ಟಿದ್ದೀರೋ ಅವರದ್ದೂ ಒಂದು ಮತ ಇದೆ. ನಿಮ್ಮದು ಇಲ್ಲ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ನ್ಯಾಯ ಸಿಗುವುದಿಲ್ಲ ಎಂದು ಕೋರ್ಟಿನಲ್ಲಿ ಗಂಟಲು ಹರಿಯುವ ಹಾಗೆ ವಾದಿಸುವವರೂ ಇವರೇ.

ಒಂದು ವರ್ಷದೊಳಗೆ ದೂರು ಇತ್ಯರ್ಥವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಆಗದಿದ್ದರೆ ಕಡತ ತಾನಾಗಿ ದೆಹಲಿಗೆ, ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ನೋಡಿ, ವಿಳಂಬಕ್ಕೆ ಶಿಕ್ಷೆ ಯಾರಿಗೆ? ತಡ ಮಾಡಿದ್ದು ಬೆಂಗಳೂರಿನವರು, ರೈಲು ಹತ್ತಬೇಕಾದವರು ಬಾಗೇಪಲ್ಲಿಯ ಯಜಮಾನರು.

ಎಲ್ಲ ದಾಟಿ ನೀವು ಗೆದ್ದಿರಿ ಎನ್ನೋಣ. ಸಮಿತಿ ವಕೀಲರಿಗೆ ಛೀಮಾರಿ ಹಾಕಬಹುದು, ಕೆಲವು ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ನಿಮ್ಮ ಎರಡೆಕರೆಯನ್ನು ವಾಪಸು ಕೊಡಿಸುವ ಅಧಿಕಾರ ಅದಕ್ಕಿಲ್ಲ. ಅವರಿಗೆ ಅರವತ್ತು ದಿನದೊಳಗೆ ಮೇಲ್ಮನವಿ ಉಂಟು, ಅದಾದ ಮೇಲೆ ಸುಪ್ರೀಂ ಕೋರ್ಟೂ ಉಂಟು. ಅವರ ವಕೀಲರು ಖಂಡಿತ ತಾರೀಖು ಮರೆಯುವುದಿಲ್ಲ.

ಆದರೆ ಅಷ್ಟು ದೂರ ಹೋಗುವ ಪ್ರಮೇಯವೇ ಬರುವುದಿಲ್ಲ. ಯಾಕೆಂದರೆ ಪರಿಷತ್ತು ಶಿಕ್ಷಿಸುವುದು ದುರ್ನಡತೆಯನ್ನು. ನಿಮ್ಮ ದೂರು ನಿರ್ಲಕ್ಷ್ಯದ್ದು. ನೈತಿಕ ಅಧಃಪತನ ಇಲ್ಲದ ಬರೀ ನಿರ್ಲಕ್ಷ್ಯ ವೃತ್ತಿ ದುರ್ನಡತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1963ರಲ್ಲೇ ಹೇಳಿದೆ, ಆಮೇಲೆ ಮತ್ತೆಯೂ ಹೇಳಿದೆ. ವಕೀಲರು ಎದುರು ಪಾರ್ಟಿಯ ಹತ್ತಿರ ದುಡ್ಡು ತಿಂದು ತಾರೀಖು ತಪ್ಪಿಸಿದರೆ ದುರ್ನಡತೆ. ಸುಮ್ಮನೆ ಮರೆತು ತಪ್ಪಿಸಿದರೆ ಅಲ್ಲ. ನಿಮ್ಮ ಜಮೀನಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡರಲ್ಲೂ ಅದು ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕೋರ್ಟು ಅನುಮಾನಕ್ಕೆ ಎಡೆಯಿಲ್ಲದಂತೆ ಮಾತಾಡಿದೆ. ಫೀಸು ಬಾಕಿ ಇದೆ ಎಂದು ವಕೀಲರು ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಕೇಳಿದಾಗ ಕೊಡಲೇಬೇಕು, ಕೊಡದಿದ್ದರೆ ಅದೇ ದುರ್ನಡತೆ. 2000ನೇ ಇಸವಿಯ ಆರ್.ಡಿ. ಸಕ್ಸೇನಾ ಪ್ರಕರಣ. ಫೀಸು ಬಾಕಿಗೆ ಬೇರೆ ದಾವೆ ಹಾಕಿಕೊಳ್ಳಲಿ, ಕಾಗದ ಪತ್ರ ಕಕ್ಷಿದಾರನದ್ದು. ಆ ವಕೀಲರಿಗೆ ಭಾರತೀಯ ವಕೀಲರ ಪರಿಷತ್ತು ಹದಿನೆಂಟು ತಿಂಗಳು ಕರಿಕೋಟು ಕಳಚಿಡಲು ಹೇಳಿತ್ತು. ಈ ವಿಷಯದಲ್ಲಿ ಕಾನೂನು ಅಲ್ಲಿಯವರೆಗೆ ಇತ್ಯರ್ಥವಾಗಿರಲಿಲ್ಲವಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು ಛೀಮಾರಿಗೆ ಇಳಿಸಿತು. ಕಾನೂನು ಗೊತ್ತಿಲ್ಲ ಎಂಬುದು ನೆಪವಾಗದು ಅನ್ನುವುದು ನಿಮಗೂ ನನಗೂ ಹೇಳುವ ಮಾತು.

ಎರಡನೆಯ ದಾರಿ, ಸಿವಿಲ್ ದಾವೆ. ನಷ್ಟ ಪರಿಹಾರ ಕೊಡಿ ಎಂದು ವಕೀಲರ ಮೇಲೇ ದಾವೆ ಹಾಕಬಹುದು. ಇದು ಹೊಸದಲ್ಲ. ಬ್ರಿಟಿಷರ ಕಾಲದ 1926ರ ಕಾಯ್ದೆಯೇ ವಕೀಲ ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಬರೆದಿತ್ತು. ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಮೊದಲೇ ಕಟ್ಟಬೇಕು.

ಈಗ ನಿಮ್ಮ ಊರಿನಲ್ಲಿ ಈ ದಾವೆ ನಡೆಸಿಕೊಡುವ ವಕೀಲರನ್ನು ಹುಡುಕಿ. ಮೊದಲನೆಯವರು ಕಾಫಿ ತರಿಸುತ್ತಾರೆ, ಪೂರ್ತಿ ಕೇಳುತ್ತಾರೆ, ಲೊಚಗುಟ್ಟುತ್ತಾರೆ. ಆಮೇಲೆ ಹೆಸರು ಕೇಳುತ್ತಾರೆ. "ಅಯ್ಯೋ, ಅವರಾ? ನಮ್ ಸೀನಿಯರ್ರು ಕಣ್ರೀ. ದಿನಾ ಮುಖ ಮುಖ ನೋಡ್ಬೇಕು. ನೀವ್ ಬೇರೆ ಯಾರನ್ನಾದ್ರೂ ನೋಡಿ." ಎರಡನೆಯವರು ಅವರ ಷಡ್ಡಕ. ಮೂರನೆಯವರು ಈ ಸಲ ಸಂಘದ ಚುನಾವಣೆಗೆ ನಿಂತಿದ್ದಾರೆ. ನಾಲ್ಕನೆಯವರು ಒಪ್ಪುತ್ತಾರೆ, ಆದರೆ ಅವರು ಕೋರ್ಟಿಗೆ ಬಂದು ಎಷ್ಟು ಕಾಲವಾಯಿತೆಂದು ಬೆಂಚ್ ಕ್ಲರ್ಕಿಗೇ ನೆನಪಿಲ್ಲ.

ವಕೀಲರು ಸಿಕ್ಕರೂ ಸಾಬೀತು ಮಾಡುವುದೇನು? ಅವರು ತಾರೀಖು ತಪ್ಪಿಸಿದರು ಎಂದಷ್ಟೇ ತೋರಿಸಿದರೆ ಸಾಲದು. ತಪ್ಪಿಸದಿದ್ದರೆ ಹಳೆಯ ಕೇಸು ನೀವು ಗೆಲ್ಲುತ್ತಿದ್ದಿರಿ ಎಂದೂ ತೋರಿಸಬೇಕು. ಅಂದರೆ ಸತ್ತ ಕೇಸನ್ನು ಹೊಸ ಕೇಸಿನೊಳಗೆ ಎಬ್ಬಿಸಿ ಕೂರಿಸಿ ಗೆಲ್ಲಿಸಬೇಕು. ಅದರ ಸಾಕ್ಷಿ ದಸ್ತಾವೇಜುಗಳು ಎಲ್ಲಿವೆ? ಆ ವಕೀಲರ ಅಟ್ಟದ ಮೇಲಿನ ಫೈಲಿನಲ್ಲಿ. ಈಗ ಎದುರುವಾದಿಯಾಗಿ ಅವರು ವಾದಿಸುವುದೇನು? ನನ್ನ ಕಕ್ಷಿದಾರನ ಕೇಸಿನಲ್ಲಿ ಮೊದಲಿನಿಂದಲೂ ಹುರುಳಿರಲಿಲ್ಲ ಎಂದು. ನಾಲ್ಕು ವರ್ಷ ಫೀಸು ಪಡೆಯುವಾಗ "ನೂರಕ್ಕೆ ನೂರು ನಮ್ದೇ" ಎಂದಿದ್ದ ಕೇಸದು.

ಈ ದಾವೆಯ ಆಯುಷ್ಯ ಎಷ್ಟು ಎಂಬುದಕ್ಕೆ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಸಾಕು. ಕಕ್ಷಿದಾರರೊಬ್ಬರು ನಿರ್ಲಕ್ಷ್ಯದ ಪರಿಹಾರ ಕೇಳಿ ವಕೀಲರ ಮೇಲೆ ದಾವೆ ಹಾಕಿದರು. ದಾವೆ ನಡೆಯುತ್ತಿರುವಾಗಲೇ ತೀರಿಕೊಂಡರು. ವಾದಿ ಸತ್ತ ಮೇಲೆ ದಾವೆಯೂ ಸತ್ತಿತೇ ಎಂಬುದು ವಕೀಲರ ಕಡೆಯ ಪ್ರಶ್ನೆ. 1988ರಲ್ಲಿ ಉತ್ತರ ಬಂತು: ಕರಾರು ಮುರಿದು ಆಸ್ತಿಗಾದ ನಷ್ಟದ ದಾವೆಯಾದರೆ ವಾರಸುದಾರರು ಮುಂದುವರಿಸಬಹುದು, ಮನುಷ್ಯನ ಸ್ವಂತ ನೋವಿಗೆ ಕೇಳಿದ ಪರಿಹಾರವಾದರೆ ಅವನ ಜೊತೆಗೇ ಹೋಗುತ್ತದೆ. ಕಾನೂನಿನ ದೃಷ್ಟಿಯಿಂದ ಚೊಕ್ಕ ಉತ್ತರ. ಆದರೆ ನಿರ್ಲಕ್ಷ್ಯ ನಡೆಯಿತೇ ಇಲ್ಲವೇ ಎಂಬ ಮೂಲ ಪ್ರಶ್ನೆಗೆ ಕೈ ಹಾಕುವ ಮುಂಚೆಯೇ ದೂರುದಾರರು ಮಸಣ ಸೇರಿ, ಕಡತ ದೆಹಲಿ ಸೇರಿತ್ತು.

ಮೂರನೆಯ ದಾರಿ, ಪೊಲೀಸು. ಕಕ್ಷಿದಾರನ ಹೆಸರಿಗೆ ಬಂದ ದುಡ್ಡನ್ನು ವಕೀಲರು ನುಂಗಿದರೆ ಅದು ನಂಬಿಕೆ ದ್ರೋಹ, ಪೊಲೀಸ್ ಠಾಣೆಗೆ ಹೋಗಬಹುದು. ಠಾಣೆಯಲ್ಲಿ ಇನ್ಸ್‌ಪೆಕ್ಟರು "ವಕೀಲರ ವಿಷ್ಯ ಕಣ್ರೀ, ನಾಳೆ ಸ್ಟೇಷನ್ ಮುಂದೆ ಧರಣಿ ಕೂರ್ತಾರೆ, ಮಾತಾಡಿ ಬಗೆಹರಿಸ್ಕೊಳಿ" ಎನ್ನುತ್ತಾರೆ. ಇಡೀ ಪ್ರಹಸನದಲ್ಲಿ ಪೊಲೀಸರು ರಾಜಿ ಸೂತ್ರ ನಂಬುವ ಜಾಗ ಇದೊಂದೇ.

ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳು ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಲೇಬೇಕು. ಕೋರ್ಟಿನೊಳಗೆ ವಾದ ಮಾಡುವವರಿಗೆ ಹಿಂದಿನಿಂದ ಇದ್ದ ವಿನಾಯಿತಿಯನ್ನೂ ಹೌಸ್ ಆಫ್ ಲಾರ್ಡ್ಸ್ 2000ದಲ್ಲಿ ಕಿತ್ತುಹಾಕಿತು. ಗೌನು, ಬ್ಯಾಂಡು, ಮೈ ಲಾರ್ಡು ಎಲ್ಲವನ್ನೂ ಅಲ್ಲಿಂದ ಇಳಿಸಿಕೊಂಡೆವು. ಮೇ ತಿಂಗಳ ಬಿಸಿಲಿನಲ್ಲಿ ಬಳ್ಳಾರಿಯಲ್ಲೂ ಕರಿಕೋಟು ಹಾಕುತ್ತೇವೆ. ವಿಮೆಯೊಂದನ್ನು ಮಾತ್ರ ಹಡಗಿನಲ್ಲೇ ಬಿಟ್ಟೆವು.

ತಪ್ಪು ಯಾರದ್ದು ಎಂಬ ವಿಷಯದಲ್ಲಿ ಕೋರ್ಟಿಗೂ ಒಂದು ನಿಲುವಿಲ್ಲ. 1981ರಲ್ಲಿ, ರಫೀಕ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಕರುಣೆಯಿಂದ ಮಾತಾಡಿತು: ಹಳ್ಳಿಯ ಕಕ್ಷಿದಾರ ವಕೀಲರನ್ನು ಇಟ್ಟು, ಫೀಸು ಕೊಟ್ಟು, ನಿಶ್ಚಿಂತೆಯಿಂದ ಇರುತ್ತಾನೆ, ವಕೀಲರು ಬಾರದಿದ್ದರೆ ಅವನೇಕೆ ಅನುಭವಿಸಬೇಕು? ವಜಾ ಆದದ್ದನ್ನು ಮತ್ತೆ ಜೀವಂತ ಮಾಡಿತು. ಗೈರಾದ ವಕೀಲರೇ ಖರ್ಚು ಕೊಡಲಿ ಎಂದಿತು. ಇನ್ನೂರು ರೂಪಾಯಿ. 1993ರ ಹೊತ್ತಿಗೆ ಧಾಟಿ ಬದಲಾಯಿತು: ವಕೀಲರು ನಿನ್ನ ಪ್ರತಿನಿಧಿ, ಬೇಕಾದಾಗ ಅವರನ್ನು ದೂರಿ ಪಾರಾಗುವಂತಿಲ್ಲ. 2024ರ ನವೆಂಬರಿನಲ್ಲಿ ಇನ್ನೊಂದು ಪೀಠ: ವಕೀಲರ ಮೇಲೆ ತಪ್ಪು ಹೊರಿಸುವ ಪ್ರವೃತ್ತಿ ಹೆಚ್ಚಾಗಿದೆ, ಕಕ್ಷಿದಾರನೂ ತನ್ನ ಕೇಸಿನ ಮೇಲೆ ಕಣ್ಣಿಟ್ಟಿರಬೇಕು.

ಕಣ್ಣಿಡಬೇಕಂತೆ. ಆಗಲಿ. ಕಣ್ಣಿಡಲು ಹೋದವನಿಗೆ "ನಂಬ್ಕೆ ಇಲ್ವಾ?" ಎಂಬ ಉತ್ತರ ಕಾದಿದೆ ಎನ್ನುವುದು ತೀರ್ಪಿನಲ್ಲಿ ದಾಖಲಾಗಿಲ್ಲ.

ವಕೀಲರ ಗೈರುಹಾಜರಿಗೆ ಇನ್ನೊಂದು ಭವ್ಯ ರೂಪವಿದೆ. ಅದಕ್ಕೆ ಕಲಾಪ ಬಹಿಷ್ಕಾರ ಎನ್ನುತ್ತಾರೆ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2002ರಲ್ಲಿ. ಮುಷ್ಕರದಿಂದ ಕಕ್ಷಿದಾರನಿಗೆ ದಂಡ ಬಿದ್ದರೆ ಅದನ್ನು ವಕೀಲರೇ ತೆರಬೇಕಾದೀತು ಎಂದು 2000ದಲ್ಲೇ ಎಚ್ಚರಿಸಿತ್ತು. ಕಾನೂನು ಗೊತ್ತಿರುವವರು ಇದನ್ನೆಲ್ಲ ಓದಿಕೊಂಡೇ ಬಹಿಷ್ಕರಿಸುತ್ತಾರೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಕೀಲರ ಕಾಯ್ದೆಗೆ ತಿದ್ದುಪಡಿಯ ಕರಡು ಹೊರಡಿಸಿತು. ಅದರಲ್ಲಿ ಬಹಿಷ್ಕಾರಕ್ಕೆ ನಿಷೇಧ ಇತ್ತು. ಅದನ್ನು ವಿರೋಧಿಸಿ ವಕೀಲರು ಏನು ಮಾಡಿದರು? ದೆಹಲಿಯಲ್ಲಿ ಕಲಾಪ ಬಹಿಷ್ಕರಿಸಿದರು. ಕರಡಿನಲ್ಲಿ ವಕೀಲರ ಸಂಘಗಳ ಸ್ವಾಯತ್ತತೆಗೆ ಪೆಟ್ಟು ಬೀಳುವ ಅಂಶಗಳೂ ಇದ್ದವು ಎಂಬುದು ನಿಜ. ತಿಂಗಳು ಮುಗಿಯುವ ಮುಂಚೆ ಕಾನೂನು ಸಚಿವಾಲಯ ಕರಡನ್ನು ವಾಪಸು ಪಡೆಯಿತು. ಇದೊಂದು ಅರ್ಜಿ ಮಾತ್ರ ವಾಯಿದೆಯೇ ಇಲ್ಲದೆ ಇತ್ಯರ್ಥವಾಯಿತು.

ನಮ್ಮ ವಿಧಾನಮಂಡಲವೂ ಹಿಂದೆ ಬಿದ್ದಿಲ್ಲ. ಚಿಕ್ಕಮಗಳೂರಿನಲ್ಲಿ ಯುವ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ಮಾಡಿದ ಆರೋಪ ಬಂತು, ರಾಜ್ಯವಿಡೀ ಪ್ರತಿಭಟನೆ ನಡೆಯಿತು, 2023ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲೇ ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆ ಅಂಗೀಕಾರವಾಯಿತು. ಬೇಕಾದ ಕಾನೂನೇ. ಯಾರೂ ಯಾರಿಗೂ ಹೊಡೆಯಬಾರದು. ವಕೀಲರಿಂದ ಕಕ್ಷಿದಾರನನ್ನು ಕಾಪಾಡುವ ಮಸೂದೆಯನ್ನು ಯಾವ ಅಧಿವೇಶನದಲ್ಲಿ ತರುತ್ತೀರಿ ಎಂದು ನಿಮ್ಮ ಶಾಸಕರನ್ನು ಕೇಳಿ. ಅವರೂ ವಕೀಲರಾಗಿದ್ದರೆ ಕೇಳುವ ಶ್ರಮ ಬೇಡ.

ಹಾಗಾದರೆ ಯಜಮಾನರು ಮಾಡುವುದೇನು? ಸೇವಕರನ್ನು ಕಾಯುವ ಕೆಲಸ. ಪ್ರತಿ ಕೇಸಿಗೂ ಹದಿನಾರು ಅಂಕಿ ಅಕ್ಷರದ ಸಿ.ಎನ್.ಆರ್. ನಂಬರು ಇರುತ್ತದೆ. ಕೇಳಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಒತ್ತಿದರೆ ಇವತ್ತು ಕೋರ್ಟಿನಲ್ಲಿ ಏನಾಯಿತು, ಮುಂದಿನ ತಾರೀಖು ಯಾವುದು, ಎಲ್ಲ ಬರುತ್ತದೆ. ಸಾಹೇಬರು ರಜೆಯಲ್ಲಿದ್ದರೋ ನಿಮ್ಮ ವಕೀಲರೋ ಎಂಬುದೂ ಒಂದಿಷ್ಟು ತಿಳಿಯುತ್ತದೆ. ಆರ್ಡರ್ ಶೀಟಿನ ನಕಲಿಗೆ ನೀವೇ ಅರ್ಜಿ ಹಾಕಬಹುದು. ಫೀಸನ್ನು ಫೋನ್‌ಪೇಯಲ್ಲಿ ಕೊಡಿ. ರಸೀದಿ ಕೇಳಿದರೆ ಸಿಟ್ಟಾಗುತ್ತಾರೆ, ಫೋನಿಗೆ ಸಿಟ್ಟು ಬರುವುದಿಲ್ಲ. ಮಾತಾಡಿದ್ದನ್ನು ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಬರೆದು ಕಳಿಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ವಕೀಲರ ಫೀಸಿಗೆ ಶಕ್ತಿಯಿಲ್ಲದವರಿಗೆ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿದೆ. 15100ಕ್ಕೆ ಫೋನು ಮಾಡಬಹುದು.

ವಕೀಲರನ್ನು ಬದಲಿಸುವ ಹಕ್ಕೂ ನಿಮ್ಮದೇ. ಹಳಬರು ಒಪ್ಪಿಗೆ ಬರೆದುಕೊಡದಿದ್ದರೆ ಹೊಸಬರು ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು, ನಿಯಮದಲ್ಲೇ ಇದೆ. "ಎನ್.ಓ.ಸಿ. ಕೊಡಲ್ಲ, ಎಲ್ಲಿಗೆ ಹೋಗ್ತೀಯೋ ಹೋಗು" ಎಂಬುದು ಬರೀ ಬೆದರಿಕೆ.

ಇಷ್ಟು ಕಾದರೂ ಒಂದು ದಿನ ಆರ್ಡರ್ ಶೀಟಿನಲ್ಲಿ ಮೂರು ಸಾಲು ಬೀಳುತ್ತದೆ. ಕೂಗಲಾಯಿತು. ವಾದಿ ಗೈರು, ವಾದಿ ಪರ ವಕೀಲರು ಗೈರು. ದಾವೆ ವಜಾ. ಆಗ ಕೆಲಸಕ್ಕೆ ಬರುವುದು ಪರಿಷತ್ತೂ ಅಲ್ಲ, ಪರಿಹಾರದ ದಾವೆಯೂ ಅಲ್ಲ. ಮೂವತ್ತು ದಿನದೊಳಗೆ ಕೇಸನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳಿ ಎಂಬ ಅರ್ಜಿ ಬೀಳಬೇಕು. ಏಕಪಕ್ಷೀಯ ಡಿಕ್ರಿ ಆಗಿದ್ದರೂ ಅಷ್ಟೇ, ಮೂವತ್ತು ದಿನ. ದಾಟಿದರೆ ತಡವಾದದ್ದಕ್ಕೆ ಕಾರಣ ಹೇಳುವ ಇನ್ನೊಂದು ಅರ್ಜಿ. ಎರಡಕ್ಕೂ ಪ್ರಮಾಣಪತ್ರ ಬೇಕು. ಅದನ್ನು ಬರೆಯುವವರು ಅದೇ ವಕೀಲರು. ಅವರ ತಪ್ಪಿಗೆ ಕಾರಣ ಹುಡುಕಿ ನಿಮ್ಮ ಹೆಸರಿನಲ್ಲಿ ಬರೆಯುತ್ತಾರೆ.

"ಇಲ್ಲೊಂದು ಸೈನ್ ಹಾಕಿ ಗೌಡ್ರೆ."

"ಏನಂತ ಬರ್ದಿದೀರಾ ಸಾರ್?"

"ನಿಮಗೆ ಕಾಮಾಲೆ ಆಗಿತ್ತು, ಹಾಸಿಗೆ ಬಿಟ್ಟು ಏಳೋಕೆ ಆಗ್ತಿರಲಿಲ್ಲ, ಅದಕ್ಕೆ ವಕೀಲರನ್ನ ಕಾಣೋಕೆ ಆಗ್ಲಿಲ್ಲ ಅಂತ."

"ನಂಗೆ ಕಾಮಾಲೆ ಆಗಿರ್ಲಿಲ್ವಲ್ಲ ಸಾರ್. ಅವತ್ತು ನಾನ್ ಇಲ್ಲೇ ಮರದ್ ಕೆಳಗ್ ನಿಂತಿದ್ದೆ."

"ಅದ್ನ ಬರೆದ್ರೆ ಸಾಹೇಬ್ರು ಒಪ್ತಾರಾ? ಸೈನ್ ಹಾಕಿ. ಡಾಕ್ಟ್ರ ಸರ್ಟಿಫಿಕೇಟಿಗೆ ಐನೂರು ಬೇರೆ ಆಗುತ್ತೆ."

ಯಜಮಾನರು ದೇವರ ಮೇಲೆ ಪ್ರಮಾಣ ಮಾಡಿ ತಮಗಿಲ್ಲದ ಕಾಯಿಲೆಗೆ ಸಹಿ ಹಾಕುತ್ತಾರೆ. ಸಾಹೇಬರು ಅರ್ಜಿ ಒಪ್ಪಿ ಸಾವಿರ ರೂಪಾಯಿ ಖರ್ಚು ಹಾಕುತ್ತಾರೆ, ಅದನ್ನೂ ಯಜಮಾನರೇ ಕಟ್ಟುತ್ತಾರೆ. ಆ ಡಾಕ್ಟರು ಇಲ್ಲದ ಕಾಮಾಲೆಗೆ ಔಷಧಿಯನ್ನೂ ಬರೆದುಕೊಟ್ಟು, ಅದನ್ನು ಕುಡಿದು ಗೌಡರಿಗೆ ಏನಾದರೂ ಆದರೆ ಚಿಂತೆಯಿಲ್ಲ. ಅದಕ್ಕೆ ಗ್ರಾಹಕರ ಆಯೋಗ ಇದೆ.